ಹೆಪ್ಪಿಲ್ಲದ ಹುದುಗು

ಬ್ರಸೆಲ್ಸ್ ನಗರದ ದಕ್ಷಿಣ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ, ಆಂಡರ್ಲೆಕ್ಟ್ ಎಂಬ ಭಾಗದ ಗ್ಯೂಡ್ ಬೀದಿಯಲ್ಲಿ, ನೆರೆಹೊರೆಯ ಕಟ್ಟಡಗಳ ನಡುವೆ ತನ್ನನ್ನು ಎತ್ತಿ ತೋರಿಸಿಕೊಳ್ಳುವ ಯಾವ ಆಡಂಬರವೂ ಇಲ್ಲದೆ ನಿಂತಿರುವ ಹಳೆಯ ಬ್ರೂವರಿಯೊಂದುಂಟು. 1900ನೆಯ ಇಸವಿಯಲ್ಲಿ ಪಾಲ್ ಕಾಂತಿಯೋನ್ ಎಂಬಾತನು ತನ್ನ ಪತ್ನಿ ಮಾರಿ ಟ್ರೋಕಳೊಡನೆ ಆರಂಭಿಸಿದ ಆ ಉದ್ಯಮವು ಇಂದು ಅದೇ ಕುಟುಂಬದ ನಾಲ್ಕನೆಯ ತಲೆಮಾರಿನ ಕೈಯಲ್ಲಿದೆ. ಅದು ಹುಟ್ಟಿದ ಕಾಲಕ್ಕೆ ಬ್ರಸೆಲ್ಸಿನಲ್ಲಿ ನೂರಕ್ಕೂ ಮಿಗಿಲಾದ ಬ್ರೂವರಿಗಳಿದ್ದುವು. ಎರಡು ಮಹಾಯುದ್ಧಗಳೂ, ದೊಡ್ಡ ಕಂಪೆನಿಗಳ ಸ್ಪರ್ಧೆಯೂ, ಜನರ ಬದಲಾದ ರುಚಿಯೂ ಸೇರಿ ಅವನ್ನೆಲ್ಲ ಒಂದೊಂದಾಗಿ ಅಳಿಸಿದ ಮೇಲೆ, ಆ ಹಳೆಯ ಪಂಕ್ತಿಯಲ್ಲಿ ಉಳಿದುಕೊಂಡದ್ದು ಕಾಂತಿಯೋನ್ ಒಂದೇ.

ಮದ್ಯವನ್ನು ಅಂಕಣದ ವಸ್ತುವಾಗಿ ಆರಿಸಿಕೊಳ್ಳಬಹುದೆ ಎಂದು ಕೇಳುವ ಓದುಗರು ನಮ್ಮಲ್ಲಿ ಇದ್ದಾರೆ, ಅವರ ಆಕ್ಷೇಪಕ್ಕೆ ನನ್ನಲ್ಲಿ ಗೌರವವೂ ಇದೆ. ಪಾನದ ಗುಣದೋಷವಿಚಾರವನ್ನು ಸದ್ಯಕ್ಕೆ ಬದಿಗಿರಿಸಿ ನಾನು ಹೇಳಹೊರಟಿರುವುದು ಒಂದು ಕಸುಬಿನ ಸ್ವಭಾವವನ್ನು ಕುರಿತು. ಕಸುಬುದಾರನು ಬಹು ಶ್ರಮದಿಂದಲೂ ಎಚ್ಚರದಿಂದಲೂ ಸಕಲ ಸಿದ್ಧತೆಯನ್ನು ಮಾಡಿ, ನಿರ್ಣಾಯಕವಾದ ಘಳಿಗೆ ಬಂದಾಗ ತಾನಾಗಿಯೇ ಹಿಂದೆ ಸರಿದು, ಮುಂದಿನ ಕಾರ್ಯವನ್ನು ಋತುವಿಗೂ ಗಾಳಿಗೂ ಕಾಲಕ್ಕೂ ಒಪ್ಪಿಸಿಬಿಡುವಂಥ ಕಸುಬು ಯಂತ್ರಯುಗದಲ್ಲಿ ತೀರ ವಿರಳ. ಅಂಥದೊಂದನ್ನು ಒಂದು ಸಂಸಾರವು ಶತಮಾನಕ್ಕೂ ಹೆಚ್ಚು ಕಾಲ ಬಿಡದೆ ನಡಸಿಕೊಂಡು ಬಂದಿರುವುದು ಮನನಯೋಗ್ಯವೆಂದು ನನಗೆ ತೋರುತ್ತದೆ.

ನಮ್ಮ ಮನೆಗಳಲ್ಲಿ ಹಾಲು ಮೊಸರಾಗಬೇಕಾದರೆ ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪು ಬೇಕು; ಲೋಕದ ಬಹುತೇಕ ಬಿಯರುಗಳೂ ಹೀಗೆಯೇ, ಕಾಪಾಡಿಕೊಂಡು ಬಂದ ಯೀಸ್ಟನ್ನು ಸೇರಿಸುವುದರಿಂದ ಹುದುಗುತ್ತವೆ. 1876ರಲ್ಲಿ ಲೂಯಿ ಪಾಶ್ಚರನು ಬಿಯರಿನ ಮೇಲೆ ಬರೆದ ಗ್ರಂಥದಲ್ಲಿ ಅದು ಕೆಡುವುದಕ್ಕೆ ಬೇಡದ ಸೂಕ್ಷ್ಮಜೀವಿಗಳು ಕಾರಣವೆಂದು ತೋರಿಸಿಕೊಟ್ಟನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಎಂಬ ವಿಜ್ಞಾನಿಯು ಒಂದೇ ಯೀಸ್ಟ್ ಕಣದಿಂದ ಶುದ್ಧವಾದ ತಳಿಯನ್ನು ಬೆಳೆಸುವ ಉಪಾಯವನ್ನು ಸಾಧಿಸಿದನು. ಅಂದಿನಿಂದ ಬಿಯರ್ ಉದ್ಯಮದ ಪರಮಾದರ್ಶವು ಶುದ್ಧಿಯೇ ಆಯಿತು. ಹೊರಗಿನ ಗಾಳಿ ಶತ್ರು, ಧೂಳು ಶತ್ರು, ಮರದ ಪೀಪಾಯಿ ಶತ್ರು; ಉಕ್ಕಿನ ತೊಟ್ಟಿಯೊಂದೇ ಮಿತ್ರ. ಆ ಆದರ್ಶದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮ್ಯೂನಿಕಿನಲ್ಲೋ ಮುಂಬಯಿಯಲ್ಲೋ ಕೊಂಡ ಸೀಸೆ ಹೋದ ವರ್ಷದ ಸೀಸೆಯಂತೆಯೇ ಇರುವುದು ಅದರ ಫಲ. ಆದರೆ ಬ್ರಸೆಲ್ಸಿನಲ್ಲಿಯೂ ಅದರ ಪಶ್ಚಿಮಕ್ಕೆ ಹಬ್ಬಿದ ಪಾಯೊಟೆನ್‌ಲಾಂಡ್ ಎಂಬ ಕೃಷಿಪ್ರಾಂತದಲ್ಲಿಯೂ ಲಾಂಬಿಕ್ ಎಂಬ ಹೆಸರಿನ ಬಿಯರ್ ಕಾಯಿಸುವವರು ಹಾನ್ಸೆನ್ನನ ಉಪದೇಶವನ್ನು ಕೇಳಿಯೂ ತಮ್ಮ ಹಳೆಯ ದಾರಿಯನ್ನು ಬಿಡಲಿಲ್ಲ. ಅವರ ಬಿಯರಿಗೆ ಹೆಪ್ಪೇ ಇಲ್ಲ.

ಹಾಗಾದರೆ ಅದು ಹುದುಗುವುದು ಹೇಗೆ? ಕಾಂತಿಯೋನ್ ಬ್ರೂವರಿಯಲ್ಲಿ ಒಂದು ದಿನದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಮೊಳಕೆ ಬರಿಸದ ಹಸಿಗೋಧಿ ಉಳಿದ ಒಂದು ಪಾಲು. ಇವೆರಡನ್ನೂ ಒಡೆದು ನುಚ್ಚುಮಾಡಿ, ಬಿಸಿನೀರಿನಲ್ಲಿ ಹಂತಹಂತವಾಗಿ ಕಾವೇರಿಸುತ್ತ ಕಲಸುತ್ತಾರೆ. ಸಾಮಾನ್ಯ ಬಿಯರಿನಲ್ಲಿ ಪಿಷ್ಟವೆಲ್ಲ ಸಕ್ಕರೆಯಾಗಲಿ ಎಂಬುದು ಗುರಿಯಾದರೆ, ಇಲ್ಲಿ ಅರೆಬರೆ ಪಿಷ್ಟವನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಏಕೆಂದರೆ ಮುಂದಿನ ಎರಡು ಮೂರು ವರ್ಷಗಳ ಕಾಲ ಆ ದ್ರವದೊಳಗೆ ಬದುಕಬೇಕಾದ ಜೀವಿಗಳಿಗೆ ಅದೇ ಬುತ್ತಿ. ಬಳಿಕ ಆ ರಸವನ್ನು ಹಾಪ್ ಹೂಗಳೊಡನೆ ಗಂಟೆಗಟ್ಟಲೆ ಕುದಿಸುತ್ತಾರೆ. ಹಾಪ್ ಎಂದರೆ ಬೇರೆ ಬ್ರೂವರಿಗಳು ಹೊಸ ಬೆಳೆಯನ್ನು, ಪರಿಮಳ ಆರುವ ಮೊದಲೇ, ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ವಾಡಿಕೆ. ಇವರು ಎರಡು ಮೂರು ವರ್ಷ ಹಳತಾಗಿ ಕಹಿಯೂ ಕಂಪೂ ಇಳಿದುಹೋದ ಹೂಗಳನ್ನು ಬಳಸುತ್ತಾರೆ. ಕಹಿ ಹೋದರೂ ದ್ರವವನ್ನು ಕೊಳೆಯದಂತೆ ರಕ್ಷಿಸುವ ಅದರ ಗುಣ ಉಳಿದಿರುತ್ತದೆ, ಇವರಿಗೆ ಬೇಕಾದುದೂ ಅಷ್ಟೆ.

ಸಂಜೆಯ ವೇಳೆಗೆ ಕುದಿದ ರಸವನ್ನು ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಹೆಂಚಿನ ಮಾಡಿನ ಕೆಳಗೆ, ಕೋಣೆಯ ಉದ್ದಗಲಕ್ಕೂ ಹರಡಿರುವ, ಅಂಚು ತಗ್ಗಾದ ತಾಮ್ರದ ದೊಡ್ಡ ತೊಟ್ಟಿಯೊಂದಿದೆ. ಅದು ಸುಮಾರು 7,500 ಲೀಟರ್ ಹಿಡಿಯುತ್ತದೆ. ರಸವು ಅದರಲ್ಲಿ ಹರಡಿದ ಕ್ಷಣದಲ್ಲಿ ಆವಿ ಎದ್ದು ತೊಲೆಜಂತೆಗಳನ್ನೆಲ್ಲ ಮುಚ್ಚುತ್ತದೆ. ಗೋಡೆಯ ಕಿಂಡಿಗಳನ್ನು ತೆರೆದು, ಕೆಲಸದವರು ಕೆಳಗಿಳಿದುಹೋಗುತ್ತಾರೆ. ರಾತ್ರಿಯೆಲ್ಲ ಹೊರಗಿನ ತಣ್ಣನೆಯ ಗಾಳಿ ಬಂದು ಆ ರಸದ ಮೇಲೆ ಸುಳಿಯುತ್ತದೆ, ಮರದ ತೊಲೆಗಳಲ್ಲಿಯೂ ಹೆಂಚಿನ ಸಂದುಗಳಲ್ಲಿಯೂ ನೆಲೆಗೊಂಡ ಸೂಕ್ಷ್ಮಜೀವಿಗಳು ಅದರೊಳಕ್ಕೆ ಇಳಿಯುತ್ತವೆ, ಬೆಳಗಾಗುವುದರೊಳಗೆ ರಸವು ಇಪ್ಪತ್ತು ಡಿಗ್ರಿಯ ಸುಮಾರಿಗೆ ತಣಿದಿರುತ್ತದೆ. ಅಲ್ಲಿಂದ ಅದು ಹಿಂದೆ ದ್ರಾಕ್ಷಾರಸವನ್ನು ತುಂಬಿದ್ದ ಮರದ ಪೀಪಾಯಿಗಳಿಗೆ ಇಳಿಯುತ್ತದೆ. ಪೀಪಾಯಿಯ ಹಲಗೆಗಳ ಸಂದಿನಲ್ಲಿಯೂ ಹಿಂದಿನ ವರ್ಷಗಳ ಜೀವಿಗಳು ಮನೆಮಾಡಿಕೊಂಡಿರುತ್ತವೆಂದು ಈಚಿನ ಸಂಶೋಧನೆಗಳು ತಿಳಿಸಿವೆ. ಕೆಲವು ದಿನಗಳಲ್ಲಿ ರಸವು ಕೆರಳಿ, ಪೀಪಾಯಿಯ ಮೇಲಣ ರಂಧ್ರದಿಂದ ಕಂದುಬಿಳುಪಿನ ನೊರೆ ಉಕ್ಕಿ, ಪಕ್ಕದ ಹಲಗೆಗಳ ಮೇಲೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಆ ಉಬ್ಬರ ಅಡಗುವವರೆಗೂ ರಂಧ್ರಕ್ಕೆ ಬಿರಡೆ ಹಾಕುವುದಿಲ್ಲ, ಹಾಕಿದರೆ ಪೀಪಾಯಿಯೇ ಸಿಡಿದೀತು. ಈ ನೊರೆಗೂ ಬೇಸಗೆಯಲ್ಲಿ ಬಿಯರಿಗೆ ಸೇರಿಸಲು ತರುವ ಹಣ್ಣುಗಳಿಗೂ ಮುತ್ತುವ ನೊಣಗಳ ನಿವಾರಣೆಗೆ ಅಲ್ಲಿ ಔಷಧಿಯನ್ನು ಸಿಂಪಡಿಸುವುದಿಲ್ಲ. ಜೇಡಗಳಿವೆ, ಅವುಗಳ ಬಲೆಗಳನ್ನು ಯಾರೂ ಗುಡಿಸುವುದಿಲ್ಲ.

ಪೀಪಾಯಿಯೊಳಗೆ ನಡೆಯುವುದು ಒಂದು ದೀರ್ಘವಾದ ಸರದಿಯ ಕೆಲಸ. ಮೊದಲ ವಾರಗಳಲ್ಲಿ ಒಂದು ವರ್ಗದ ಬ್ಯಾಕ್ಟೀರಿಯಾಗಳು ತಲೆಯೆತ್ತಿ ಅಡಗುತ್ತವೆ; ಅನಂತರ ಸಾಮಾನ್ಯ ಯೀಸ್ಟ್ ಬಂದು ಸಕ್ಕರೆಯ ಬಹುಭಾಗವನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ; ಬೇಸಗೆಯ ಬಿಸಿಲು ಬಂದಂತೆ ಹುಳಿ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಪ್ರಬಲಿಸುತ್ತವೆ. ಈ ಹಂತದಲ್ಲಿ ಎಷ್ಟೋ ಪೀಪಾಯಿಗಳ ಬಿಯರ್ ಲೋಳೆಗಟ್ಟಿ, ಸುರಿದರೆ ಎಳೆಯೆಳೆಯಾಗಿ ಇಳಿಯುವಂತಾಗುವುದುಂಟು. ಅರಿಯದವನು ಕೆಟ್ಟಿತೆಂದು ಚರಂಡಿಗೆ ಚೆಲ್ಲಿಯಾನು. ಅರಿತವನು ಅದನ್ನು ಮುಟ್ಟದೆ ಬಿಡುತ್ತಾನೆ. ತಿಂಗಳುಗಳ ತರುವಾಯ ಬ್ರೆಟನೊಮೈಸಿಸ್ ಎಂಬ ನಿಧಾನಗತಿಯ ಯೀಸ್ಟ್ ಕಾರ್ಯಕ್ಕೆ ತೊಡಗಿ ಆ ಲೋಳೆಯನ್ನು ಕರಗಿಸಿ, ಒಣಹುಲ್ಲಿನ, ಹಳೆಯ ಕೊಟ್ಟಿಗೆಯ, ನಿಂಬೆಸಿಪ್ಪೆಯ ಛಾಯೆಗಳುಳ್ಳ ವಿಶಿಷ್ಟವಾದ ಪರಿಮಳವನ್ನು ಅದಕ್ಕೆ ನೀಡುತ್ತದೆ. ಇದೇ ಜೀವಿಯನ್ನು ದ್ರಾಕ್ಷಾರಸ ತಯಾರಿಸುವವರು ಸಾಮಾನ್ಯವಾಗಿ ಕಲ್ಮಷವೆಂದು ಎಣಿಸಿ ಓಡಿಸುತ್ತಾರೆ. ಬ್ರಸೆಲ್ಸಿನವರು ಅದನ್ನು ಬರಮಾಡಿಕೊಂಡರು, ಅದರ ಒಂದು ಪ್ರಭೇದಕ್ಕೆ ವಿಜ್ಞಾನಿಗಳು ಆ ನಗರದ ಹೆಸರನ್ನೇ ಇಟ್ಟರು.

ಪೀಪಾಯಿಯಲ್ಲಿ ಹಣ್ಣಾದ ಲಾಂಬಿಕ್ಕಿಗೆ ಗುಳ್ಳೆಯಿಲ್ಲ, ನೊರೆಯಿಲ್ಲ. ಚೂಪಾದ ಹುಳಿಯೊಂದೇ ನಾಲಗೆಗೆ ಮೊದಲು ತಿಳಿಯುವುದು. ಒಂದು, ಎರಡು, ಮೂರು ವರ್ಷಗಳ ಲಾಂಬಿಕ್ಕನ್ನು ಬೆರಸಿ ಸೀಸೆಗೆ ತುಂಬಿ ಬಿರಡೆ ಹಾಕಿ ತಿಂಗಳುಗಟ್ಟಲೆ ಇರಿಸಿದಾಗ, ಎಳೆಯದರಲ್ಲಿ ಉಳಿದ ಸಕ್ಕರೆಯಿಂದ ಸೀಸೆಯೊಳಗೆ ಮರಳಿ ಹುದುಗು ಎದ್ದು ಗುಳ್ಳೆ ಕಟ್ಟುತ್ತದೆ. ಇದರ ಹೆಸರು ಗ್ಯೂಜ್. ಈ ಬೆರಸುವಿಕೆಯೇ ಮನೆತನದ ನಿಜವಾದ ವಿದ್ಯೆ. ಅಕ್ಕಪಕ್ಕದಲ್ಲಿ ಕುಳಿತ, ಒಂದೇ ದಿನ ತುಂಬಿದ ಎರಡು ಪೀಪಾಯಿಗಳೂ ಒಂದರಂತೆ ಇನ್ನೊಂದಿರುವುದಿಲ್ಲವಾದ್ದರಿಂದ, ಹತ್ತಾರು ಪೀಪಾಯಿಗಳಿಂದ ಗುಟುಕು ಗುಟುಕು ತೆಗೆದು ರುಚಿನೋಡಿ, ಇದಕ್ಕೆ ಅದರ ಹುಳಿ ಬೇಕು, ಅದಕ್ಕೆ ಇದರ ಮಾರ್ದವ ಬೇಕು ಎಂದು ನಿಶ್ಚಯಿಸುವ ಕೆಲಸಕ್ಕೆ ಬರೆದಿಟ್ಟ ಸೂತ್ರವಿರಲಾರದು. ತಂದೆಯ ಪಕ್ಕದಲ್ಲಿ ನಿಂತು ವರ್ಷಾನುಗಟ್ಟಲೆ ರುಚಿನೋಡಿದ ನಾಲಗೆಯೇ ಅಲ್ಲಿ ಶಾಸ್ತ್ರ. ಮೂಲಪುರುಷನಾದ ಪಾಲ್ ಕಾಂತಿಯೋನನು ಮೊದಲ ದಶಕಗಳಲ್ಲಿ ತಾನೇ ಬಿಯರನ್ನು ಕಾಯಿಸುತ್ತಿರಲಿಲ್ಲವೆಂಬುದನ್ನೂ, ಬೇರೆಯವರ ಲಾಂಬಿಕ್ಕನ್ನು ತಂದು ಹದಗೊಳಿಸಿ ಬೆರಸಿ ಮಾರುತ್ತಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ಕೊಪ್ಪರಿಗೆಯೂ ಅಟ್ಟದ ತೊಟ್ಟಿಯೂ ಆ ಮನೆಗೆ ಬಂದುದು ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ. ನಾಲಗೆಯ ವಿದ್ಯೆ ಮೊದಲು, ಒಲೆಯ ವಿದ್ಯೆ ಆಮೇಲೆ.

ಯುದ್ಧಾನಂತರದ ದಶಕಗಳು ಇಂಥ ಬಿಯರಿಗೆ ಕಷ್ಟಕಾಲ. ತಂಪುಪಾನೀಯಗಳ ಸಿಹಿಗೆ ಒಗ್ಗಿದ ನಾಲಗೆಗಳು ಹುಳಿಯನ್ನು ಒಲ್ಲೆನೆಂದುವು. ಸಕ್ಕರೆ ಬೆರಸಿ, ಸೋಸಿ, ಗುಳ್ಳೆ ತುಂಬಿ ಗ್ಯೂಜ್ ಎಂಬ ಹೆಸರಿನಲ್ಲಿ ಮಾರಿದ ಪಾನೀಯಗಳು ಬಂದುವು. ಸಣ್ಣ ಮನೆಗಳು ಮುಚ್ಚಿದುವು. ಪಾಲನ ಮಗ ಮಾರ್ಸೆಲನ ಅಳಿಯನಾಗಿ ಆ ಮನೆಗೆ ಬಂದ ಝಾನ್ ಪಿಯೆರ್ ವಾನ್ ರಾಯ್ 1978ರಲ್ಲಿ ಬ್ರೂವರಿಯ ಬಾಗಿಲನ್ನು ಸಾರ್ವಜನಿಕರಿಗೆ ತೆರೆದು, ಕೆಲಸ ನಿಲ್ಲಿಸದೆಯೇ ಅದನ್ನು ಗ್ಯೂಜ್ ವಸ್ತುಸಂಗ್ರಹಾಲಯವನ್ನಾಗಿ ಮಾಡಿದನು. ಇದು ಧೈರ್ಯದ ಕಾರ್ಯವೆಂದೇ ನನ್ನ ಎಣಿಕೆ. ಜನಕ್ಕೆ ರುಚಿಸದ ಪದಾರ್ಥವನ್ನು ಜನದ ರುಚಿಗೆ ಬಗ್ಗಿಸುವ ಬದಲು, ಅದು ಹೇಗೆ ಆಗುತ್ತದೆಂಬುದನ್ನು ಜನವೇ ಬಂದು ನೋಡಲಿ, ನೋಡಿದ ಮೇಲೆ ರುಚಿ ತಾನಾಗಿ ಬಂದೀತು ಎಂದು ನಂಬುವುದು ಸಾಮಾನ್ಯ ವ್ಯಾಪಾರಿಯಿಂದ ಆಗುವ ಮಾತಲ್ಲ. ಇಂದು ಯಾರು ಬೇಕಾದರೂ ಅಟ್ಟಕ್ಕೆ ಹತ್ತಿ ಆ ತಾಮ್ರದ ತೊಟ್ಟಿಯ ಅಂಚಿನಲ್ಲಿ ನಿಂತು ನೋಡಬಹುದು. ಮುಚ್ಚಿಡಬೇಕಾದ ರಹಸ್ಯ ಅಲ್ಲಿ ಏನೂ ಇಲ್ಲ, ಏಕೆಂದರೆ ಕದ್ದೊಯ್ಯಬಹುದಾದ ಪದಾರ್ಥವೇ ಅಲ್ಲಿಲ್ಲ. ಆ ಮಾಡನ್ನೂ ಆ ಗಾಳಿಯನ್ನೂ ಆ ಪೀಪಾಯಿಗಳ ವಯಸ್ಸನ್ನೂ ಹೊತ್ತುಕೊಂಡು ಹೋಗುವವರು ಯಾರು?

ಹಣ್ಣಿನ ಲಾಂಬಿಕ್ಕುಗಳ ವಿಷಯವನ್ನು ಬಿಡುವಂತಿಲ್ಲ. ಕ್ರೀಕ್ ಎಂಬುದು ಹುಳಿಚೆರಿಗಳನ್ನು ಇಡಿಇಡಿಯಾಗಿ ಲಾಂಬಿಕ್ಕಿನ ಪೀಪಾಯಿಗೆ ಹಾಕಿ ನೆನೆಯಿಸಿದ್ದು. ಬಿಯರ್ ಕೆಂಪಾಗಿ, ಚೆರಿಬೀಜದಿಂದ ಬಾದಾಮಿಯ ಒಂದು ಸೂಕ್ಷ್ಮವಾದ ವಾಸನೆ ಅದಕ್ಕೆ ಬರುತ್ತದೆ. ರೋಸೆ ದ ಗಾಂಬ್ರಿನಸ್ ಎಂಬುದು ರಾಸ್ಪ್‌ಬೆರಿಯದು. ಹಳಬರು ಚೆರಿಗಾಗಿ ದೂರ ಹೋಗುತ್ತಿರಲಿಲ್ಲ. ಬ್ರಸೆಲ್ಸಿನ ಉತ್ತರಕ್ಕಿದ್ದ ಸ್ಖಾರ್‌ಬೇಕ್ ಗ್ರಾಮದ ತೋಟಗಳಿಂದ ಹಣ್ಣುಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಪೇಟೆಗೆ ತರುತ್ತಿದ್ದರು. ಕತ್ತೆಗಳ ಊರೆಂದು ಅದಕ್ಕೆ ಬಂದ ಹೆಸರು ಇಂದಿಗೂ ಬಳಕೆಯಲ್ಲಿದೆ. ನಗರ ಬೆಳೆದು ತೋಟಗಳನ್ನು ನುಂಗಿತು, ಊರಿನ ಹೆಸರಿನ ಆ ಚೆರಿ ತಳಿಯೇ ದುರ್ಲಭವಾಯಿತು. ಬಿಯರ್ ಕಾಯಿಸುವವರು ಪೂರ್ವ ಯೂರೋಪಿನ ಹುಳಿಚೆರಿಯನ್ನು ಅವಲಂಬಿಸಬೇಕಾದುದು ಹೀಗೆ.

ತೋಟಕ್ಕೆ ಬಂದ ಗತಿ ಈಗ ಚಳಿಗೂ ಬರುವಂತಿದೆ. ಲಾಂಬಿಕ್ಕನ್ನು ಕಾಯಿಸುವುದು ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಮಾತ್ರ. ರಾತ್ರಿಯ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿನಿಂದ ಎಂಟು ಡಿಗ್ರಿಯವರೆಗೆ ಇದ್ದರೆ ಒಳ್ಳೆಯದು. ಅದಕ್ಕಿಂತ ಬೆಚ್ಚಗಾದರೆ ರಸವು ಬೆಳಗಿನೊಳಗೆ ತಣಿಯುವುದಿಲ್ಲ, ಬೇಡದ ಜೀವಿಗಳು ಮೊದಲೇ ಹಿಡಿತ ಸಾಧಿಸುತ್ತವೆ. 2015ರ ನವೆಂಬರಿನಲ್ಲಿ, ಝಾನ್ ಪಿಯೆರನ ಮಗ ಝಾನ್ ವಾನ್ ರಾಯ್, ರಾತ್ರಿಗಳು ಕಾಲಕ್ಕೆ ತಕ್ಕಂತೆ ತಣ್ಣಗಾಗದ ಕಾರಣ, ಬಿಯರ್ ಕಾಯಿಸುವುದನ್ನೇ ನಿಲ್ಲಿಸಬೇಕಾಯಿತು. ಮನೆಯವರಲ್ಲಿ ಭಿನ್ನಾಭಿಪ್ರಾಯ ಬಂದುದಲ್ಲ, ಹಣದ ಮುಗ್ಗಟ್ಟಲ್ಲ, ಕೊಳ್ಳುವವರಿಲ್ಲದೆ ಅಲ್ಲ. ಆ ವೇಳೆಗೆ ಕಾಂತಿಯೋನಿನ ಸೀಸೆಗಾಗಿ ಸಾಗರದಾಚೆಯ ಅಮೆರಿಕದಲ್ಲಿಯೂ ಜನ ಹಾತೊರೆಯುತ್ತಿದ್ದರು.

ಯಂತ್ರದಿಂದ ಅಟ್ಟವನ್ನು ತಣಿಸಬಾರದೆ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಯಂತ್ರವು ಚಳಿಯನ್ನು ತಂದುಕೊಟ್ಟೀತು. ಆದರೆ ಅದಕ್ಕಾಗಿ ಕಿಂಡಿಗಳನ್ನು ಮುಚ್ಚಬೇಕಾದೀತು, ಮುಚ್ಚಿದ ಮೇಲೆ ಹೊರಗಿನ ಗಾಳಿಗೆ ಆ ಮನೆಯಲ್ಲಿ ಕೆಲಸವೇನು? ಆದ್ದರಿಂದ ತಣ್ಣನೆಯ ರಾತ್ರಿಗಾಗಿ ಕಾಯುವುದೇ ಸರಿಯೆಂಬ ಪಕ್ಷ ನನ್ನದು, ನಷ್ಟವನ್ನು ತಿಳಿದೂ. ಆ ನಷ್ಟ ಅಂದಿಗಂದಿಗೆ ಮುಗಿಯತಕ್ಕದ್ದೂ ಅಲ್ಲ. ಗ್ಯೂಜಿಗೆ ಮೂರು ವಯಸ್ಸಿನ ಲಾಂಬಿಕ್ ಬೇಕಾದ ಕಾರಣ, 2015ರ ನವೆಂಬರಿನಲ್ಲಿ ಕಾಯಿಸದೆ ಬಿಟ್ಟ ಒಂದೊಂದು ತೊಟ್ಟಿಯೂ ಮರುವರ್ಷ ಎಳೆಯದರ ಲೆಕ್ಕದಲ್ಲಿ, ಅದರ ಮರುವರ್ಷ ನಡುವಿನದರ ಲೆಕ್ಕದಲ್ಲಿ, 2018ರಲ್ಲಿ ಹಳೆಯದರ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ. ಬೆರಸಲು ಕುಳಿತವನು ಆಗೆಲ್ಲ, ಇಲ್ಲದ ಪೀಪಾಯಿಗಳನ್ನು ಬಿಟ್ಟು ಇದ್ದವುಗಳಿಂದಲೇ ಆ ವರ್ಷದ ಗ್ಯೂಜನ್ನು ಹೊಂದಿಸಿಕೊಳ್ಳಬೇಕು.