ಉಳಿದ ಮದ್ದು, ಎಳೆಯ ಮಕ್ಕಳು

ದುಡ್ಡು ಕೊಟ್ಟು ತಂದುದನ್ನು ಎಸೆಯಲು ನಮಗೆ ಮನಸ್ಸು ಬರುವುದಿಲ್ಲ. ಅರ್ಧ ಮುಗಿದ ಗುಳಿಗೆಯ ಪಟ್ಟಿ, ತಳದಲ್ಲಿ ಉಳಿದ ಕೆಮ್ಮಿನ ಔಷಧಿ ಎಲ್ಲವೂ ‘ಮುಂದೆ ಬೇಕಾದೀತು’ ಎಂದು ಡಬ್ಬಿ ಸೇರುತ್ತವೆ. ಒಂದೇ ಖೋಲಿಯ ಸಂಸಾರದಲ್ಲಿ ಬೀಗದ ಕಪಾಟು ಎಷ್ಟು ಜನರಿಗಿದೆ? ತಂದೆ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾನೆ, ತಾಯಿ ನಳ್ಳಿಯ ಸಾಲಿನಲ್ಲಿರುತ್ತಾಳೆ. ಮಗು ಟ್ರಂಕು ಹತ್ತಿ ಡಬ್ಬಿ ತೆಗೆಯಲು ಎಷ್ಟು ಹೊತ್ತು?

ಬಸುರಿಯರಿಗೆ ಸರಕಾರ ಉಚಿತವಾಗಿ ಕೊಡುವ ಕಬ್ಬಿಣದ ಗುಳಿಗೆಯನ್ನೇ ನೋಡಿರಿ. ದಿನಕ್ಕೊಂದರಂತೆ 180 ದಿನ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಕೆಂಪು ಬಣ್ಣದ ಅದು ಮಗುವಿನ ಕಣ್ಣಿಗೆ ಮಿಠಾಯಿ. ಹತ್ತು ಕಿಲೋ ತೂಕದ ಮಗು ಮೂರು ನಾಲ್ಕು ನುಂಗಿದರೂ ಅಪಾಯ. ಹತ್ತು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಮದ್ದು ಕೊಡುವಾಗ ‘ಮಿಠಾಯಿ’ ಎಂದು ಪುಸಲಾಯಿಸುವ ರೂಢಿಯನ್ನೂ ಬಿಡಬೇಕು.

ವಾರದ ರಜೆಯಂದು ಡಬ್ಬಿ ಸುರುವಿ ನೋಡಿರಿ. ಅವಧಿ ಮುಗಿದುದನ್ನೂ ಬೇಡವಾದುದನ್ನೂ ಬೇರೆ ಮಾಡಿರಿ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮುಗಿದ ಮದ್ದನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿದವು. ಅಂಥದನ್ನು ಬೇರೆಯಾಗಿ ಪಡೆಯುವ ಏರ್ಪಾಡು ನಿಮ್ಮ ವಾರ್ಡಿನಲ್ಲಿದ್ದರೆ ಅಲ್ಲಿಗೇ ಒಪ್ಪಿಸಿರಿ. ಇಲ್ಲವಾದರೆ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ, ಸೋಸಿದ ಚಹಾ ಹುಡಿಯೊಡನೆಯೋ ಮಣ್ಣಿನೊಡನೆಯೋ ಕಲಸಿ, ಚೀಲದಲ್ಲಿ ಬಿಗಿದು ಕಟ್ಟಿ, ನೇರವಾಗಿ ಕಸದ ಗಾಡಿಗೇ ಹಾಕಿರಿ. ಚಾಳಿನ ಮೂಲೆಯಲ್ಲಿ ಬಿಸಾಡಿದರೆ ನೆರೆಮನೆಯ ಮಗುವಿಗೆ ಸಿಕ್ಕೀತು, ಕಸ ಆಯುವವರ ಮಗುವಿಗೆ ಸಿಕ್ಕೀತು. ಸುಡಬೇಡಿರಿ, ಮೋರಿಗೂ ಸುರಿಯಬೇಡಿರಿ. ಮಾರ್ಫೀನಿನಂಥ ಕಡು ನೋವಿನ ಮದ್ದು ಉಳಿದಿದ್ದರೆ ಏನು ಮಾಡಬೇಕೆಂದು ಕೊಟ್ಟ ವೈದ್ಯರನ್ನೇ ಕೇಳಿರಿ.

ಮಗು ಏನಾದರೂ ನುಂಗಿಬಿಟ್ಟರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿರಿ. ಆಡುತ್ತಿದೆಯಲ್ಲ ಎಂದು ಕಾಯಲೂ ಬೇಡಿರಿ. ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಓಡಿರಿ.

ಆದರೆ ಈ ಹೊರೆಯನ್ನೆಲ್ಲ ತಾಯಂದಿರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕೇರಳ ಸರಕಾರ 2025ರಲ್ಲಿ ಕೋಳಿಕ್ಕೋಡಿನಲ್ಲಿ ಮನೆಗಳ ಹಳೆ ಮದ್ದನ್ನು ಸಂಗ್ರಹಿಸುವ ಕಾರ್ಯ ಆರಂಭಿಸಿತು. ಅಲ್ಲಿ ಸಾಧ್ಯವಾದುದು ಇಲ್ಲೇಕೆ ಆಗಬಾರದು? ನಮ್ಮ ಸಂಬಳದ ವಂತಿಗೆಯಿಂದಲೂ ನಡೆಯುವ ಇ.ಎಸ್.ಐ. ದವಾಖಾನೆಗಳಲ್ಲಿ ಉಳಿದ ಮದ್ದು ಹಾಕಲು ಬೀಗದ ಪೆಟ್ಟಿಗೆಯೊಂದನ್ನು ಇರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಕಾರ್ಮಿಕ ಬಂಧುಗಳು ದವಾಖಾನೆಗೆ ಹೋದಾಗಲೆಲ್ಲ ಇದನ್ನು ಕೇಳಲಿ. ಪೆಟ್ಟಿಗೆ ಬರುವ ತನಕ ಮನೆಯ ಡಬ್ಬಿಯ ಮೇಲೆ ನಮ್ಮ ಕಣ್ಣಿರಲಿ.