ಗಂಟಲ ನೋವಿನ ಲೆಕ್ಕ, ಹೃದಯದ ವೆಚ್ಚ

ಕೆಲವು ತಿಂಗಳ ಹಿಂದೆ ನನ್ನ ಎಂಟು ವರ್ಷದ ಮೊಮ್ಮಗನಿಗೆ ಗಂಟಲು ನೋವು ಬಂತು. ಮೂಗು ಸೋರುತ್ತಿತ್ತು, ಕೆಮ್ಮಿತ್ತು, ಧ್ವನಿ ಒಡೆದಿತ್ತು. ಸಂಜೆ ಕಚೇರಿಯಿಂದ ಬಂದ ಅಳಿಯ ದಾರಿಯಲ್ಲೇ ಔಷಧದಂಗಡಿಯಿಂದ ಮೂರು ದಿನದ ಅಜಿಥ್ರೊಮೈಸಿನ್ ತಂದಿದ್ದ. ವೈದ್ಯರ ಚೀಟಿಯನ್ನು ಅಂಗಡಿಯವನು ಕೇಳಲಿಲ್ಲ, ಇವನೂ ತೋರಿಸಲಿಲ್ಲ. ಮರುದಿನ ಮಕ್ಕಳ ವೈದ್ಯೆ ಮಗುವಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ, ಇದು ವೈರಾಣುವಿನ ಕೆಲಸ, ಆಂಟಿಬಯಾಟಿಕ್ ಬೇಡ, ಬಿಸಿನೀರು ಮತ್ತು ಪ್ಯಾರಾಸಿಟಮಾಲ್ ಸಾಕು ಎಂದರು. ನಾಲ್ಕನೆಯ ದಿನಕ್ಕೆ ಹುಡುಗ ಶಾಲೆಗೆ ಹೋದ.

ಆ ರಾತ್ರಿ ನನಗೆ ನೆನಪಾದದ್ದು ಇನ್ನೊಂದು ಮಗುವಿನ ಗಂಟಲು ನೋವು. 1989ರಲ್ಲಿ ನಾನು ರಾಯಚೂರು ಸೀಮೆಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ನನ್ನ ಜೀಪಿನ ಚಾಲಕನಿಗೆ ಒಂಬತ್ತು ವರ್ಷದ ಮಗಳಿದ್ದಳು. ಅವಳಿಗೆ ಜೋರು ಜ್ವರ, ಉಗುಳು ನುಂಗಲೂ ಆಗದಷ್ಟು ಗಂಟಲು ನೋವು. ಕೆಮ್ಮು, ನೆಗಡಿ ಯಾವುದೂ ಇರಲಿಲ್ಲ. ಉಪ್ಪುನೀರು, ಅರಿಶಿನ ಹಾಕಿದ ಹಾಲು ಕೊಟ್ಟರು, ವಾರದಲ್ಲಿ ವಾಸಿಯಾಯಿತು. ಮತ್ತೆರಡು ವಾರಕ್ಕೆ ಮೊಣಕಾಲು ಊದಿತು, ಅದು ಇಳಿಯುವಷ್ಟರಲ್ಲಿ ಪಾದದ ಕೀಲು, ಆಮೇಲೆ ಮೊಣಕೈ. ವಾಯು ಎಂದು ಎಣ್ಣೆ ತಿಕ್ಕಿದರು. ಅದೂ ಹೋಯಿತು. ಐದು ವರ್ಷದ ನಂತರ ಅದೇ ಚಾಲಕ ಬೆಂಗಳೂರಿನ ನನ್ನ ಕಚೇರಿಗೆ ಮಗಳನ್ನು ಕರೆತಂದಾಗ ಅವಳಿಗೆ ಒಂದು ಮಹಡಿ ಹತ್ತುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಹೃದಯದ ಕವಾಟ ಕೆಟ್ಟಿದೆ, ಇದರ ಮೂಲ ಚಿಕ್ಕಂದಿನ ಗಂಟಲ ಸೋಂಕು ಎಂದು ತಜ್ಞರು ಹೇಳಿದರು. ಆಗ ದವಾಖಾನೆಗೆ ಏಕೆ ತೋರಿಸಲಿಲ್ಲವೆಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಗಂಟಲ ಬ್ಯಾನಿಗೆಲ್ಲ ಯಾರರ ದವಾಖಾನಿಗೆ ಹೋಗ್ತಾರೇನ್ರೀ ಸಾಹೇಬ್ರ?"

ನಾನು ವೈದ್ಯನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಈ ಎರಡು ಗಂಟಲು ನೋವುಗಳ ನಡುವಿನ ಅಂತರ ಕೇವಲ ವೈದ್ಯಕೀಯದ್ದಲ್ಲವೆಂದು ನನಗನ್ನಿಸುತ್ತದೆ. ಬೇಡದ ಕಡೆ ನಾವು ಔಷಧವನ್ನು ಸುರಿಯುತ್ತೇವೆ. ಬೇಕಾದ ಕಡೆ ಅದು ತಲುಪುವುದೇ ಇಲ್ಲ.

ಗಂಟಲು ನೋವುಗಳಲ್ಲಿ ಬಹುಪಾಲು ವೈರಾಣುಗಳಿಂದ ಬರುವಂಥವು. ಅವಕ್ಕೆ ಆಂಟಿಬಯಾಟಿಕ್ ಕೊಟ್ಟರೂ ಕೊಡದಿದ್ದರೂ ಒಂದೇ. ಗಂಟಲು ನೋವೆಂದು ಬರುವ ಮಕ್ಕಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿಗೆ, ದೊಡ್ಡವರಲ್ಲಿ ಇನ್ನೂ ಕಡಿಮೆ ಜನಕ್ಕೆ, ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುತ್ತದೆ. ಇದೇ ಸ್ಟ್ರೆಪ್ ಗಂಟಲು. ಇದು ಹೆಚ್ಚಾಗಿ ಕಾಡುವುದು 5ರಿಂದ 15 ವರ್ಷದವರನ್ನು. ಇದ್ದಕ್ಕಿದ್ದಂತೆ ಬರುವ ಜ್ವರ, ನುಂಗುವಾಗ ನೋವು, ಟಾನ್ಸಿಲ್‌ಗಳ ಮೇಲೆ ಬಿಳಿಯ ಕಲೆ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಇವು ಅದರ ಲಕ್ಷಣಗಳು. ನೆಗಡಿ, ಕೆಮ್ಮು, ಕೆಂಗಣ್ಣು, ಒಡೆದ ಧ್ವನಿ ಇದ್ದರೆ ಅದು ವೈರಾಣುವೇ ಆಗಿರುವ ಸಂಭವ ಹೆಚ್ಚು. ಲಕ್ಷಣಗಳಿಂದಷ್ಟೇ ಖಚಿತವಾಗಿ ಹೇಳಲಾಗದು. ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು, ಇಲ್ಲವೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಕ್ಷಿಪ್ರ ಪರೀಕ್ಷೆ ಮಾಡಬೇಕು. ನಮ್ಮಲ್ಲಿ ಇವೆರಡರ ಬದಲಿಗೆ ಎಎಸ್‌ಒ ಎಂಬ ರಕ್ತಪರೀಕ್ಷೆಯನ್ನು ಬರೆದುಕೊಡುವ ವಾಡಿಕೆಯಿದೆ. ಅದು ಹಿಂದೆ ಸೋಂಕು ಬಂದುಹೋಗಿತ್ತೆ ಎಂಬುದನ್ನು ಹೇಳುತ್ತದೆಯೇ ಹೊರತು ಇಂದಿನ ನೋವಿನ ಕಾರಣವನ್ನಲ್ಲ.

ಚಿಕಿತ್ಸೆಯಾದರೋ ಅಚ್ಚರಿಯಾಗುವಷ್ಟು ಸರಳ. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಹತ್ತು ದಿನ. ಇಲ್ಲವೆ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಒಂದು ಚುಚ್ಚುಮದ್ದು. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧಗಳಿವೆ. ಬ್ಯಾಕ್ಟೀರಿಯಾಗಳು ಒಂದೊಂದಾಗಿ ಔಷಧಗಳಿಗೆ ಜಗ್ಗದಂತಾಗುತ್ತಿರುವ ಈ ಕಾಲದಲ್ಲಿಯೂ, ಎಂಬತ್ತು ವರ್ಷಗಳ ಬಳಕೆಯ ನಂತರವೂ, ಪೆನಿಸಿಲಿನ್‌ಗೆ ಈ ಜೀವಿ ಮಣಿಯುತ್ತಲೇ ಇದೆ. ಅಂಗಡಿಯವನು ಕೊಡುವ ಅಜಿಥ್ರೊಮೈಸಿನ್‌ಗೆ ಮಾತ್ರ ಹಲವು ಕಡೆ ಮಣಿಯುತ್ತಿಲ್ಲ. ನೋವು ಮೂರು ದಿನಕ್ಕೆ ಹೋಯಿತೆಂದು ಹತ್ತು ದಿನದ ಮಾತ್ರೆಯನ್ನು ನಡುವೆ ಬಿಡಬಾರದು. ಕೆಲವು ಶ್ರೀಮಂತ ದೇಶಗಳು ಈ ಅವಧಿಯನ್ನು ಐದು ದಿನಕ್ಕೆ ಇಳಿಸಿವೆ, ನಿಜ. ಆದರೆ ಅಲ್ಲಿ ರುಮ್ಯಾಟಿಕ್ ಜ್ವರ ಅಪರೂಪ. ನಮ್ಮಲ್ಲಿ ಹಾಗಲ್ಲ.

ಸ್ಟ್ರೆಪ್ ಗಂಟಲು ಚಿಕಿತ್ಸೆಯಿಲ್ಲದೆಯೂ ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಮೋಸವಿರುವುದು ಇಲ್ಲಿಯೇ. ಕೆಲವು ಮಕ್ಕಳಲ್ಲಿ ಈ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ಎರಡು ಮೂರು ವಾರಗಳ ನಂತರ ಗುರುತು ತಪ್ಪಿ ಸ್ವಂತ ಕೀಲುಗಳ ಮೇಲೆ, ಹೃದಯದ ಮೇಲೆ ಎರಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುಗಳು ಪೂರ್ತಿ ಸರಿಹೋಗುತ್ತವೆ. ಹೃದಯದ ಕವಾಟದ ಗಾಯ ಉಳಿಯುತ್ತದೆ. ಸೋಂಕು ಮರುಕಳಿಸಿದಂತೆಲ್ಲ ಗಾಯ ಬಲಿಯುತ್ತದೆ. ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಕೊಟ್ಟರೆ ಈ ಸರಪಳಿ ತುಂಡಾಗುತ್ತದೆ. ಇದು ಹೊಸ ಸಂಶೋಧನೆಯೇನೂ ಅಲ್ಲ. ಅಮೆರಿಕದ ವಯೋಮಿಂಗ್‌ನ ವಾಯುಪಡೆ ನೆಲೆಯೊಂದರ ಸೈನಿಕರಲ್ಲಿ ವೈದ್ಯರು ಇದನ್ನು ಸಾಬೀತುಪಡಿಸಿ ಪ್ರಕಟಿಸಿದ್ದು 1950ರಲ್ಲಿ. ನಮ್ಮ ಸಂವಿಧಾನ ಜಾರಿಗೆ ಬಂದ ವರ್ಷ!

ಹೀಗಿದ್ದೂ ಇಂದು ಜಗತ್ತಿನಲ್ಲಿ ಕನಿಷ್ಠ ನಾಲ್ಕು ಕೋಟಿ ಜನ ರುಮ್ಯಾಟಿಕ್ ಹೃದ್ರೋಗದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆ. ಈ ಭಾರ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಭಾರತವೂ ಒಂದು. ಇಕ್ಕಟ್ಟಾದ ಮನೆ, ಒಂದೇ ಚಾಪೆಯಲ್ಲಿ ಮಲಗುವ ನಾಲ್ಕು ಮಕ್ಕಳು, ತುಂಬಿ ತುಳುಕುವ ತರಗತಿ ಇವೇ ಅದರ ನೆಲೆ. ಪೆನಿಸಿಲಿನ್ ಬರುವ ಮೊದಲೇ, ಮನೆಗಳು ಸುಧಾರಿಸಿದಂತೆ ಪಶ್ಚಿಮದ ದೇಶಗಳಲ್ಲಿ ಇದು ಇಳಿಯತೊಡಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ಎಲ್ಲರಿಗೂ ಒಳ್ಳೆಯ ಮನೆ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕೋಸ್ಟರಿಕಾ 1970ರ ದಶಕದಲ್ಲಿ, ಸ್ಟ್ರೆಪ್ ಎಂದು ಅನುಮಾನ ಬಂದ ಗಂಟಲಿಗೆಲ್ಲ ಒಂದು ಬೆಂಜಥೀನ್ ಚುಚ್ಚುಮದ್ದು ಎಂಬ ಸರಳ ನೀತಿಯನ್ನು ಹಿಡಿಯಿತು. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯ 1986ರಿಂದ 1996ರವರೆಗೆ ಹತ್ತು ವರ್ಷದ ಕಾರ್ಯಕ್ರಮ ನಡೆಸಿತು. ಎರಡೂ ಕಡೆ ರುಮ್ಯಾಟಿಕ್ ಜ್ವರ ಗಣನೀಯವಾಗಿ ಇಳಿಯಿತು. ಎರಡೂ ಆಗ ಸಿರಿವಂತ ದೇಶಗಳಾಗಿರಲಿಲ್ಲ.

ಇನ್ನು ಅರ್ಥಶಾಸ್ತ್ರದ ಮಾತು. ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಅದು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ವರ್ಷಗಟ್ಟಲೆ ಕೊಡಬೇಕು. ಹೋಟೆಲಿನ ಒಂದು ಊಟಕ್ಕಿಂತ ದುಬಾರಿಯಲ್ಲದ ಔಷಧವಿದು. ಅಗ್ಗವಾಗಿರುವುದೇ ಅದರ ಶಾಪ. ಲಾಭವಿಲ್ಲದ ಸರಕನ್ನು ಯಾರು ತಯಾರಿಸುತ್ತಾರೆ? 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪಿಸಿ ಪೆನಿಸಿಲಿನ್ ತಯಾರಿಸಿದ ದೇಶ ಮುಂದೆ ಅದರ ಮೂಲವಸ್ತುವಿಗೆ ಚೀನಾದತ್ತ ಕೈಯೊಡ್ಡಬೇಕಾಯಿತು. 2020ರಲ್ಲಿ ಕೇಂದ್ರ ಸರ್ಕಾರ ಪ್ರೋತ್ಸಾಹಧನದ ಯೋಜನೆ ತಂದ ಮೇಲೆ, 2024ರಲ್ಲಿ ಕಾಕಿನಾಡದಲ್ಲಿ ಪೆನಿಸಿಲಿನ್ ಜಿ ಕಾರ್ಖಾನೆಯೊಂದು ಉದ್ಘಾಟನೆಯಾದದ್ದು ಸಮಾಧಾನದ ಸಂಗತಿ. ಆದರೆ ಕಾರ್ಖಾನೆಯಿಂದ ತಾಲ್ಲೂಕು ಆಸ್ಪತ್ರೆಯ ಕಪಾಟಿನವರೆಗಿನ ದಾರಿ ಇನ್ನೂ ಉದ್ದವಿದೆ.

ನನ್ನ ಚಾಲಕನ ಮಗಳಿಗೂ ಈ ಚುಚ್ಚುಮದ್ದನ್ನೇ ಬರೆದುಕೊಟ್ಟಿದ್ದರು. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಒಮ್ಮೆ ದಾಸ್ತಾನು ಇರುತ್ತಿರಲಿಲ್ಲ; ಇದ್ದಾಗ, ರಿಯಾಕ್ಷನ್ ಆದರೆ ಯಾರು ಹೊಣೆ ಎಂದು ಕೊಡಲು ಹಿಂಜರಿಯುತ್ತಿದ್ದರು. ಪೆನಿಸಿಲಿನ್‌ನ ತೀವ್ರ ಅಲರ್ಜಿ ಅಪರೂಪ. ಅಡ್ರಿನಲಿನ್ ಮತ್ತು ತರಬೇತಾದ ನರ್ಸ್ ಇದ್ದರೆ ನಿಭಾಯಿಸಬಹುದಾದದ್ದು. ಆದರೆ ಕೊಟ್ಟು ಏನಾದರೂ ಆದರೆ ವಿಚಾರಣೆಯುಂಟು, ಕೊಡದೆ ಸತ್ತರೆ ಇಲ್ಲ. ಸರ್ಕಾರಿ ನೌಕರಿ ಮಾಡಿದವನಾಗಿ ಈ ತರ್ಕವನ್ನು ನಾನು ಚೆನ್ನಾಗಿ ಬಲ್ಲೆ. ತಂದೆ ನಾಲ್ಕಾರು ಬಾರಿ ಅಲೆದು ಬಿಟ್ಟುಬಿಟ್ಟ. ಹುಡುಗಿಗೆ ಮದುವೆಯಾಯಿತು. 2000ದಲ್ಲಿ, ಚೊಚ್ಚಲ ಬಸಿರಿನ ಏಳನೆಯ ತಿಂಗಳಲ್ಲಿ, ಕೆಟ್ಟ ಕವಾಟ ಆ ಭಾರ ತಾಳಲಾರದೆ ಅವಳು ತೀರಿಕೊಂಡಳು. ಇಪ್ಪತ್ತು ವರ್ಷ.

ಮುಂದೆ 2003ರಲ್ಲಿ ರೈತರಿಗಾಗಿ ಯಶಸ್ವಿನಿ ಯೋಜನೆ ಬಂದಾಗ, ಬಡವರಿಗೂ ಹೃದಯದ ಶಸ್ತ್ರಚಿಕಿತ್ಸೆ ಸಿಗುವಂತಾಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ಸಂತೋಷ ತಪ್ಪಲ್ಲ. ಆದರೆ ಮೂರೂವರೆ ದಶಕದ ಸೇವೆಯಲ್ಲಿ ಶಸ್ತ್ರಚಿಕಿತ್ಸೆಯ ವೆಚ್ಚದ ಕಡತಗಳು ನನ್ನ ಮೇಜಿಗೆ ಎಷ್ಟೋ ಬಂದವು; ಮೂರು ವಾರಕ್ಕೊಂದು ಚುಚ್ಚುಮದ್ದಿನ ಕಡತ ಒಂದೂ ಬರಲಿಲ್ಲ. ಬರಲಿಲ್ಲವೇಕೆಂದು ನಾನೂ ಕೇಳಲಿಲ್ಲ. ಕೇಳಬಹುದಾಗಿದ್ದ ಸ್ಥಾನದಲ್ಲಿದ್ದೆ, ಕೇಳಲು ಕಾರಣವೂ ನನಗೆ ಗೊತ್ತಿತ್ತು.

ಈಗಲಾದರೂ ಆಗಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಮಾಕ್ಸಿಸಿಲಿನ್, ಬೆಂಜಥೀನ್ ಪೆನಿಸಿಲಿನ್ ಸದಾ ಇರಬೇಕು. ಅದನ್ನು ನಿರ್ಭಯವಾಗಿ ಕೊಡಲು ಸಿಬ್ಬಂದಿಗೆ ತರಬೇತಿಯೂ ಇಲಾಖೆಯ ಬೆಂಬಲವೂ ಸಿಗಬೇಕು. ಕ್ಷಿಪ್ರ ಪರೀಕ್ಷೆ ತಾಲ್ಲೂಕು ಮಟ್ಟಕ್ಕಾದರೂ ಬರಬೇಕು. ನೆಗಡಿಯಿಲ್ಲದ ಜ್ವರ ಮತ್ತು ಗಂಟಲು ನೋವು, ಅದರ ಬೆನ್ನಿಗೆ ಬರುವ ಕೀಲುನೋವು, ಇವುಗಳ ಅರ್ಥವನ್ನು ಶಾಲಾ ಶಿಕ್ಷಕರಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಪತ್ತೆಯಾದ ಮಗುವಿನ ಹೆಸರು ಒಂದು ದಾಖಲೆಗೆ ಸೇರಿ, ಚುಚ್ಚುಮದ್ದು ತಪ್ಪಿಸಿದರೆ ಕ್ಷಯರೋಗಿಯನ್ನು ಹುಡುಕಿ ಹೋಗುವಂತೆ ಅದನ್ನೂ ಹುಡುಕಿ ಹೋಗುವವರು ಬೇಕು.

ನಗರದ ನಾವು ಮಾಡಬೇಕಾದದ್ದು ಇನ್ನೂ ಸುಲಭ. ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಳ್ಳದಿರುವುದು, ವೈದ್ಯರು ಬರೆದುಕೊಟ್ಟರೆ ಕೊನೆಯ ಮಾತ್ರೆಯವರೆಗೆ ನುಂಗುವುದು. ಜೊತೆಗೆ ನಮ್ಮ ಮನೆಗೆಲಸಕ್ಕೆ ಬರುವಾಕೆ, ಕಾರು ಓಡಿಸುವಾತ, ಮಗುವಿಗೆ ಜ್ವರ, ಗಂಟಲು ನೋವು ಎಂದು ಒಂದು ದಿನದ ರಜೆ ಕೇಳಿದರೆ ಹುಬ್ಬು ಗಂಟಿಕ್ಕದೆ ಕೊಡುವುದು, ವೈದ್ಯರಿಗೆ ತೋರಿಸು ಎಂದು ಹೇಳುವುದು. ಗಂಟಲ ಬ್ಯಾನಿಗೆ ದವಾಖಾನೆಗೆ ಹೋಗಲೇಬೇಕಾದ ಮಕ್ಕಳಿದ್ದಾರೆ. ಅದನ್ನು 1989ರಲ್ಲಿ ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಅವನ ಪಕ್ಕದ ಸೀಟಿನಲ್ಲಿ ದಿನವೂ ಕೂರುತ್ತಿದ್ದ ನನಗೂ ಆಗ ತಿಳಿದಿರಲಿಲ್ಲ.