ಕಾಲಮಿತಿ ವಿಕಲಚೇತನರಿಗೆ ಮಾತ್ರವೇ?

ಮಹಾರಾಷ್ಟ್ರದ ದಿವ್ಯಾಂಗ ಕಲ್ಯಾಣ ಆಯುಕ್ತರ ಕಚೇರಿ ಇರುವುದು ಪುಣೆಯ ಚರ್ಚ್ ರಸ್ತೆಯಲ್ಲಿ. ಅಂಗವಿಕಲತೆಯ ಶೇಕಡಾವಾರು ಪ್ರಮಾಣವನ್ನು ನಿರ್ಣಯಿಸುವ ಸಸೂನ್ ಆಸ್ಪತ್ರೆಯೂ ಔಂಧದ ಜಿಲ್ಲಾ ಆಸ್ಪತ್ರೆಯೂ ಅದೇ ನಗರದಲ್ಲಿವೆ. ಪ್ರಮಾಣಪತ್ರದಲ್ಲಿ 40 ಎಂದು ಬರೆದಿದ್ದರೆ ಸರ್ಕಾರಿ ಉದ್ಯೋಗದಲ್ಲಿ ಶೇ. 4ರ ಮೀಸಲಾತಿ, ಉನ್ನತ ಶಿಕ್ಷಣದಲ್ಲಿ ಶೇ. 5ರ ಮೀಸಲಾತಿ, ಆದಾಯ ತೆರಿಗೆಯಲ್ಲಿ ಕಡಿತ, ಇವೆಲ್ಲಕ್ಕೂ ಬಾಗಿಲು ತೆರೆಯುತ್ತದೆ. 38 ಎಂದು ಬರೆದಿದ್ದರೆ ಯಾವುದೂ ಇಲ್ಲ. ಆ ಎರಡು ಅಂಕಗಳನ್ನು ಪ್ರಶ್ನಿಸುವ ಹಕ್ಕನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಸೆಕ್ಷನ್ 59 ನೀಡಿದೆ. ಆದರೆ ಎಷ್ಟು ದಿನಗಳೊಳಗೆ, ಯಾರ ಮುಂದೆ ಪ್ರಶ್ನಿಸಬೇಕೆಂಬುದನ್ನು ಸಂಸತ್ತು ರಾಜ್ಯ ಸರ್ಕಾರಗಳ ನಿಯಮಗಳಿಗೆ ಬಿಟ್ಟು ಕೈತೊಳೆದುಕೊಂಡಿದೆ.

ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಬಂದು ಪುಣೆಯಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬದ ಕೈಗೆ ಇಂತಹ ನಿರಾಕರಣೆಯ ಪತ್ರ ಬಂದಿತೆಂದುಕೊಳ್ಳೋಣ. ಅದರಲ್ಲಿರುವ ಆಡಳಿತದ ಮರಾಠಿಯನ್ನು ಅರ್ಥಮಾಡಿಕೊಳ್ಳಲು ಕೆಲವು ದಿನಗಳು ಬೇಕು. ಮೇಲ್ಮನವಿಯನ್ನು ಎಲ್ಲಿಗೆ ಕೊಡಬೇಕೆಂದು ವಿಚಾರಿಸುತ್ತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯಲು ಮತ್ತಷ್ಟು ದಿನಗಳು ಬೇಕು. ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಹಾಕಿ 38ಕ್ಕೆ ಬಂದರೆಂದು ಮಾಹಿತಿ ಹಕ್ಕಿನಡಿ ಕೇಳಿದರೆ ಉತ್ತರ ಕೊಡಲು ಕಚೇರಿಗೆ 30 ದಿನಗಳ ಅವಕಾಶವಿದೆ. ಕಾರಣ ತಿಳಿಯುವ ಹೊತ್ತಿಗೆ ಪ್ರಶ್ನಿಸುವ ಅವಧಿಯೇ ಮುಗಿದಿರಬಹುದು.

ಸರ್ಕಾರವು ತನಗೆ ತಾನೇ ವಿಧಿಸಿಕೊಂಡ ಕಾಲಮಿತಿಯ ಕಥೆ ಬೇರೆ. 2017ರ ಕೇಂದ್ರ ನಿಯಮಗಳ ಪ್ರಕಾರ ವೈದ್ಯಕೀಯ ಪ್ರಾಧಿಕಾರವು ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕಿತ್ತು. ಆ ಗಡುವು ಪಾಲನೆಯಾಗದಿದ್ದಾಗ ತಪ್ಪಿದವರಿಗೆ ದಂಡ ವಿಧಿಸುವ ಬದಲು 2024ರ ಅಕ್ಟೋಬರ್‌ನ ತಿದ್ದುಪಡಿಯಲ್ಲಿ ಗಡುವನ್ನೇ ಮೂರು ತಿಂಗಳಿಗೆ ಹಿಗ್ಗಿಸಲಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ವರ್ಷಗಳವರೆಗೆ ನಿರ್ಧಾರವಾಗದ ಅರ್ಜಿಯು ನಿಷ್ಕ್ರಿಯವಾಗುತ್ತದೆ, ಅರ್ಜಿದಾರನು ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ವಿಳಂಬ ಮಾಡಿದವರು ಕಚೇರಿಯವರು, ಅದರ ಫಲ ಉಣ್ಣುವವನು ಅರ್ಜಿದಾರ. ಯಾವ ಲೆಕ್ಕಪರಿಶೋಧಕನೂ ಇಂತಹ ಲೆಕ್ಕಕ್ಕೆ ಸಹಿ ಹಾಕಲಾರ.

ತಡವಾದ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂಬ ಪ್ರಸಿದ್ಧ ತೀರ್ಪಿನ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. 1987ರ ಕಾತಿಜಿ ಪ್ರಕರಣದಲ್ಲಿ ನಾಲ್ಕು ದಿನ ತಡವಾಗಿ ಬಂದು ಮನ್ನಾ ಬೇಡಿದ್ದು ಬಡ ಕಕ್ಷಿದಾರನಲ್ಲ, ಜಮ್ಮು ಕಾಶ್ಮೀರದ ಸರ್ಕಾರ. ಸುಪ್ರೀಂ ಕೋರ್ಟು ಮನ್ನಾ ಮಾಡಿತು. ಸರ್ಕಾರದ ನಾಲ್ಕು ದಿನಗಳಿಗೆ ದೊರೆತ ಕ್ಷಮೆ ಗಾಲಿಕುರ್ಚಿಯಲ್ಲಿ ಬರುವ ವ್ಯಕ್ತಿಗೆ ಕಚೇರಿಯ ಕಿಟಕಿಯಲ್ಲೇ ದೊರೆಯಬೇಕಲ್ಲವೇ?

ಕಾಲದ ಅಭಾವ ಎಷ್ಟು ಕ್ರೂರವೆಂಬುದಕ್ಕೆ ಮಹಾರಾಷ್ಟ್ರದ್ದೇ ಆದ ಓಂಕಾರ್ ಗೊಂಡ್ ಪ್ರಕರಣ ಸಾಕ್ಷಿ. ಮಾತಿನ ಅಂಗವಿಕಲತೆ ಶೇ. 40ನ್ನು ಮೀರಿದೆಯೆಂಬ ಕಾರಣಕ್ಕೇ ಒಬ್ಬ ವಿದ್ಯಾರ್ಥಿಯನ್ನು ಎಂಬಿಬಿಎಸ್‌ಗೆ ಅನರ್ಹನೆಂದು ಸಾರಲಾಯಿತು. ಒಂದು ಕಡೆ ಮೀಸಲಾತಿಗೆ 40 ಬೇಕು, ಇನ್ನೊಂದು ಕಡೆ ಅದೇ 40 ದಾಟಿದರೆ ಪ್ರವೇಶವಿಲ್ಲ! 2024ರ ಆಗಸ್ಟ್ ಕೊನೆಯಲ್ಲಿ, ಸೀಟು ಹಂಚಿಕೆ ನಡೆಯುತ್ತಿರುವಾಗಲೇ, ಬಾಂಬೆ ಹೈಕೋರ್ಟು ಮಧ್ಯಂತರ ಪರಿಹಾರ ಕೊಡದೆ ವಿಚಾರಣೆಯನ್ನು ಸೆಪ್ಟೆಂಬರ್ 19ಕ್ಕೆ ಮುಂದೂಡಿತು. ವಿದ್ಯಾರ್ಥಿ ಸುಪ್ರೀಂ ಕೋರ್ಟಿಗೆ ಓಡಿದ. ಅಲ್ಲಿ ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಮಂಡಳಿಯಿಂದ ಹೊಸ ಪರೀಕ್ಷೆ ನಡೆದು, ಅವನು ವ್ಯಾಸಂಗ ಮಾಡಬಲ್ಲನೆಂಬ ವರದಿ ಬಂದು, ಪ್ರವೇಶ ಸಿಕ್ಕಿತು. ಅಕ್ಟೋಬರ್ 15ರ ತೀರ್ಪು ಎರಡು ಮಾತು ಹೇಳಿತು: ಅಂಕಿಯೊಂದೇ ಯಾರನ್ನೂ ಹೊರಗಿಡಲಾರದು, ವ್ಯಕ್ತಿಯ ಸಾಮರ್ಥ್ಯವನ್ನು ನೋಡಬೇಕು, ಮೇಲ್ಮನವಿಯ ಸಂಸ್ಥೆ ರಚನೆಯಾಗುವವರೆಗೆ ಮಂಡಳಿಯ ಪ್ರತಿಕೂಲ ಅಭಿಪ್ರಾಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಸಂತೋಷ. ಆದರೆ ದೆಹಲಿಯವರೆಗೆ ಓಡುವ ಶಕ್ತಿ ಎಷ್ಟು ಮನೆಗಳಿಗಿದೆ? ಶೇ. 80ರಷ್ಟು ಅಂಗವಿಕಲತೆ ಇರುವ ಬಡವರಿಗೆ ಕೇಂದ್ರ ಕೊಡುವ ಇಂದಿರಾ ಗಾಂಧಿ ಪಿಂಚಣಿಯ ಪಾಲು ತಿಂಗಳಿಗೆ 300 ರೂಪಾಯಿ. ಅದನ್ನು ಉಳಿಸಿಕೊಳ್ಳಲು ರಿಟ್ ಅರ್ಜಿ ಹಾಕಬೇಕೆನ್ನುವುದು ಅಣಕ.

ಮಧ್ಯಮ ವರ್ಗದ ನಷ್ಟ ಇನ್ನೊಂದು ಬಗೆಯದು, ಅದು ಸದ್ದಿಲ್ಲದೆ ಆಗುತ್ತದೆ. ಆದಾಯ ತೆರಿಗೆ ಕಾಯ್ದೆಯಡಿ ವಿಕಲಚೇತನರಿಗೆ 75,000 ರೂಪಾಯಿ, ತೀವ್ರ ಅಂಗವಿಕಲತೆಯಿದ್ದರೆ 1,25,000 ರೂಪಾಯಿ ಕಡಿತವುಂಟು. ಷರತ್ತೆಂದರೆ ಪ್ರಮಾಣೀಕರಣ ಆಯಾ ಹಣಕಾಸು ವರ್ಷದೊಳಗೇ ಆಗಿರಬೇಕು. ಜನವರಿಯಲ್ಲಿ 38 ಎಂದು ಬರೆಸಿಕೊಂಡವನು ಮೇಲ್ಮನವಿಯಲ್ಲಿ ಗೆದ್ದು ಏಪ್ರಿಲ್‌ನಲ್ಲಿ 42 ಪಡೆದರೆ ಕಳೆದ ವರ್ಷದ ಕಡಿತಕ್ಕಾಗಿ ಮತ್ತೊಂದು ಹೋರಾಟ ಕಾದಿರುತ್ತದೆ. ಅವಧಿ ಮುಗಿದ ತಾತ್ಕಾಲಿಕ ಪ್ರಮಾಣಪತ್ರಕ್ಕೂ ಇದೇ ಗತಿ. ಅದರ ಮೇಲೆ, 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುವ ಪದ್ಧತಿಯಾಯಿತು, ಅದರಲ್ಲಿ ಈ ಕಡಿತವೇ ಇಲ್ಲ. ಸಂಬಳದಾರನು ಹಳೆಯ ಪದ್ಧತಿ ಬೇಕೆಂದರೆ ನಿಗದಿತ ದಿನಾಂಕದೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ರಿಟರ್ನ್ ಸಲ್ಲಿಸಲೇಬೇಕು. ಆಗಸ್ಟ್ 1ಕ್ಕೆ ಸಲ್ಲಿಸಿದರೆ ಹಕ್ಕು ಹೋಯಿತು.

ನಕಲಿ ಪ್ರಮಾಣಪತ್ರಗಳ ಹಾವಳಿ ತಡೆಯಲು ಬಿಗಿ ಬೇಕೆಂಬ ಮಾತಿದೆ. 2024ರಲ್ಲಿ ಪುಣೆಗೆ ನಿಯುಕ್ತರಾಗಿದ್ದ ಪ್ರೊಬೇಷನರಿ ಐಎಎಸ್ ಅಧಿಕಾರಿಯೊಬ್ಬರ ಪ್ರಮಾಣಪತ್ರಗಳ ವಿವಾದ ದೇಶದ ತುಂಬ ಸುದ್ದಿಯಾದ ಮೇಲೆ ಈ ಮಾತು ಜೋರಾಗಿದೆ. ಪರಿಶೀಲನೆ ನಡೆಯಲಿ. ಆದರೆ ಮೋಸಗಾರನಿಗೆ ವಕೀಲರೂ ಇರುತ್ತಾರೆ, ಸಮಯವೂ ಇರುತ್ತದೆ. ಗಡುವು ತಪ್ಪಿಸಿಕೊಳ್ಳುವವನು ನಿಜವಾದ ಅರ್ಜಿದಾರನೇ.

ಸಮಾಜದ ಪಾಲೂ ಇಲ್ಲಿದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತರ ಮಾನ್ಯತೆ ದೊರೆತಾಗ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಲ್ಲಲು ಯಾರೂ ನಾಚಲಿಲ್ಲ. ಮನೆಯ ಮಗುವಿನ ಅಂಗವಿಕಲತೆಯ ಪ್ರಮಾಣಪತ್ರವನ್ನು ಮಾತ್ರ ಅಕ್ಕ ತಂಗಿಯರ ಸಂಬಂಧಕ್ಕೆ ಅಡ್ಡಿಯಾದೀತೆಂದು ವರ್ಷಗಟ್ಟಲೆ ಮುಂದೂಡುವ ಮನೆಗಳಿವೆ. ಕೊನೆಗೆ ಪ್ರವೇಶ ಪರೀಕ್ಷೆಯೋ ನೌಕರಿಯ ಅರ್ಜಿಯೋ ಎದುರಾದಾಗ ಎಚ್ಚರವಾಗುತ್ತದೆ. ಆಗ ಮೇಲ್ಮನವಿಗೆ ಉಳಿದಿರುವುದು ಬೆರಳೆಣಿಕೆಯ ದಿನಗಳು. ಇನ್ನು ದಾನದ ವಿಷಯ. ಕೃತಕ ಕಾಲಿನ ಶಿಬಿರಗಳಿಗೆ, ಗಾಲಿಕುರ್ಚಿಗಳಿಗೆ ಶ್ರಾವಕರು ಕೈಬಿಚ್ಚಿ ಕೊಡುತ್ತಾರೆ, ಅದು ದೊಡ್ಡ ಮಾತೇ. ಆದರೆ ಗಾಲಿಕುರ್ಚಿ ಪಡೆದವನ ಪರವಾಗಿ ಎರಡು ಪುಟದ ಮೇಲ್ಮನವಿ ಬರೆದುಕೊಡುವ ಮೇಜು ಎಷ್ಟು ಬಸದಿಗಳ ಆವರಣದಲ್ಲಿದೆ? ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದು ಎಣಿಸಿದ ಪರಂಪರೆಯಲ್ಲಿ, ಲೆಕ್ಕಪರಿಶೋಧಕರಿಗೂ ವಕೀಲರಿಗೂ ಬರವಿಲ್ಲದ ಸಮಾಜದಲ್ಲಿ, ಈ ಕೊರತೆಗೆ ಸಮರ್ಥನೆಯಿಲ್ಲ.

ಕೆಲಸ ಕಠಿಣವೂ ಅಲ್ಲ. ಪತ್ರ ಕೈಸೇರಿದ ದಿನಾಂಕವನ್ನು ಲಕೋಟೆಯ ಸಮೇತ ಕಾಪಾಡಬೇಕು. ಪೂರ್ಣ ದಾಖಲೆಗಳಿಗಾಗಿ ಕಾಯದೆ ಗಡುವಿನೊಳಗೆ ಸಂಕ್ಷಿಪ್ತ ಮೇಲ್ಮನವಿಯನ್ನು ಕೊಟ್ಟು ಸ್ವೀಕೃತಿಯ ಮೊಹರು ಪಡೆಯಬೇಕು, ದಾಖಲೆಗಳು ಹಿಂದಿನಿಂದ ಬರುತ್ತವೆಂದು ಅದರಲ್ಲೇ ಬರೆಯಬೇಕು. ತಡವಾಗಿದ್ದರೆ ಪ್ರತಿಯೊಂದು ದಿನಕ್ಕೂ ಕಾರಣ ಕೊಟ್ಟು ಮನ್ನಾ ಕೇಳಬೇಕು. ಜೊತೆಗೇ ಕಾಯ್ದೆಯ ಸೆಕ್ಷನ್ 80ರಡಿ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಅವರ ಶಿಫಾರಸನ್ನು ಒಪ್ಪದ ಇಲಾಖೆ ಮೂರು ತಿಂಗಳೊಳಗೆ ಕಾರಣ ತಿಳಿಸಬೇಕು. ವಕೀಲರ ಶುಲ್ಕದ ಚಿಂತೆಯಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12 ನೋಡಬೇಕು: ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ದೊರೆಯುತ್ತಾರೆ. ಆ ಪ್ರಾಧಿಕಾರ ಪ್ರತಿಯೊಂದು ಜಿಲ್ಲೆಯಲ್ಲೂ ಇದೆ. ಸರ್ಕಾರದಿಂದ ಕೇಳಬೇಕಾದುದು ಇಷ್ಟೇ: ನಿರಾಕರಣೆಯ ಪ್ರತಿ ಪತ್ರದ ಕೆಳಗೆ ಮೇಲ್ಮನವಿಯ ವಿಳಾಸ ಮತ್ತು ಕೊನೆಯ ದಿನಾಂಕವನ್ನು ಮುದ್ರಿಸಲಿ, ಅಂಕಗಳ ಹಾಳೆಯನ್ನು ಅದಕ್ಕೆ ಲಗತ್ತಿಸಲಿ, ಹಾಳೆ ತಲುಪಿದ ದಿನದಿಂದಲೇ ಅವಧಿಯನ್ನು ಎಣಿಸಲಿ.